ಮ್ಯೂಸಿಕ್ ಪ್ರೊಡಕ್ಷನ್‌ಗೆ ಕಾಲೇಜು ಬೇಕೇ? ಕೋರ್ಸ್, ಸ್ಟುಡಿಯೋ, ಮನೆಕಲಿಕೆ: ಯಾವುದು ಯಾರಿಗೆ

ಹಾಡು ಮಾಡುವವರನ್ನು ಕೆಲಸಕ್ಕೆ ಕರೆಯುವಾಗ ಯಾರೂ ಅಂಕಪಟ್ಟಿ ಕೇಳುವುದಿಲ್ಲ, ಮೂರು ನಿಮಿಷದ ಒಂದು ಮಿಕ್ಸ್ (ಬಿಡಿ ಧ್ವನಿಗಳನ್ನು ಹದವಾಗಿ ಬೆರೆಸಿದ ಹಾಡು) ಕೇಳುತ್ತಾರೆ. ಇದನ್ನೇ ಹಿಡಿದು ‘ಕಾಲೇಜು ದಂಡ, ಯೂಟ್ಯೂಬ್ ಸಾಕು’ ಅನ್ನುವವರಿದ್ದಾರೆ. ‘ಸರ್ಟಿಫಿಕೇಟ್ ಇಲ್ಲದಿದ್ದರೆ ಯಾರು ಕೆಲಸ ಕೊಡ್ತಾರೆ’ ಎಂದು ನಾಲ್ಕೈದು ಲಕ್ಷ ಹೊಂದಿಸಲು ಹೊರಡುವ ಅಪ್ಪ ಅಮ್ಮಂದಿರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಸೌಂಡ್ ಕೆಲಸ ಅನ್ನುವುದರಲ್ಲಿ ನಾಲ್ಕೈದು ಬೇರೆ ಬೇರೆ ಕಸುಬುಗಳಿವೆ. ಒಂದಕ್ಕೆ ಓದು ಬೇಕೇ ಬೇಕು, ಇನ್ನೊಂದರಲ್ಲಿ ತರಗತಿಯಲ್ಲಿ ಕಳೆದ ಎರಡು ವರ್ಷವೇ ಹಿನ್ನಡೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಸಿನಿಮಾ ಸೌಂಡ್ ಗುರಿಯಾದರೆ ಸರ್ಕಾರಿ ಚಿತ್ರಶಾಲೆಗೆ ಜೀವ ಬಿಟ್ಟು ಪ್ರಯತ್ನಿಸಿ. ಆಡಿಯೋ ಕಂಪನಿಯ ನೌಕರಿ ಬೇಕಿದ್ದರೆ ಬಿಇ ಮಾಡಿ. ಲೈವ್ ಸೌಂಡ್ ಇಷ್ಟವಾದರೆ ಬಾಡಿಗೆ ಸೌಂಡ್ ಕಂಪನಿ ಸೇರಿ. ಹಾಡು ಮಾಡುವುದು, ಮಿಕ್ಸ್ ಮಾಡುವುದೇ ಆಸೆಯಾದರೆ ಸಾಲ ಮಾಡಿ ಖಾಸಗಿ ಡಿಪ್ಲೊಮಾ ಸೇರುವುದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಯಾಕೆ ಅನ್ನುವುದನ್ನು ಲೆಕ್ಕ ಸಮೇತ ನೋಡೋಣ.

ಸಿನಿಮಾ ಸೌಂಡ್: ಇಲ್ಲಿ ಓದಿಗೆ ನಿಜವಾದ ಬೆಲೆಯಿದೆ

ಶೂಟಿಂಗ್ ಜಾಗದಲ್ಲಿ ಸಂಭಾಷಣೆ ಹಿಡಿಯುವುದು, ಡೈಲಾಗ್ ಎಡಿಟಿಂಗ್, ಡಬ್ಬಿಂಗ್, ಫೋಲಿ (ಹೆಜ್ಜೆ, ಬಾಗಿಲಿನಂಥ ಸದ್ದುಗಳನ್ನು ಸ್ಟುಡಿಯೋದಲ್ಲಿ ಮತ್ತೆ ಮಾಡುವುದು), ಎಫೆಕ್ಟ್ಸ್, ಕೊನೆಯ ಫೈನಲ್ ಮಿಕ್ಸ್ – ಇದಿಷ್ಟೂ ಮನೆಯಲ್ಲಿ ಕೂತು ಕಲಿಯಲು ಬರುವುದಿಲ್ಲ. ಚಿತ್ರಮಂದಿರದ ಅಳತೆಯ ಕೋಣೆ ಬೇಕು. ಸಿನಿಮಾ ಮಿಕ್ಸಿಂಗ್ ಕೋಣೆಯಲ್ಲಿ ಮುಂಭಾಗದ ಪ್ರತಿ ಚಾನೆಲ್ 85 ಡೆಸಿಬೆಲ್ (ಡಿಬಿ) ಜೋರಿಗೆ ಹೊಂದಿಸಿರುತ್ತದೆ. ಆ ಮಟ್ಟದಲ್ಲಿ ಕೇಳಿ ಅಭ್ಯಾಸವಿಲ್ಲದವರು ಹೆಡ್‌ಫೋನ್‌ನಲ್ಲಿ ಸರಿ ಮಾಡಿ ತಂದ ಡೈಲಾಗ್ ಚಿತ್ರಮಂದಿರದಲ್ಲಿ ಹಿನ್ನೆಲೆ ಸಂಗೀತದಡಿ ಮುಳುಗಿಹೋಗುತ್ತದೆ.

ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ 1960ರಲ್ಲಿ, ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆ 1995ರಲ್ಲಿ ಆರಂಭವಾದವು. ಎರಡರಲ್ಲೂ ಸೌಂಡ್‌ಗೆ ಪ್ರತ್ಯೇಕ ವಿಭಾಗವಿದೆ. ಪದವಿಯ ನಂತರ ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಸೀಟುಗಳು ಬೆರಳೆಣಿಕೆಯಷ್ಟು. 2009ರಲ್ಲಿ ಸೌಂಡ್ ಮಿಕ್ಸಿಂಗ್‌ಗೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಪುಣೆಯ ವಿದ್ಯಾರ್ಥಿ. ನಮ್ಮಲ್ಲೇ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ. 1940ರ ದಶಕದಲ್ಲಿ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಭಾಗವಾಗಿ ಹುಟ್ಟಿದ್ದು ಇದು. ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತದ್ದು ಇಲ್ಲಿಯೇ. ಇಲ್ಲಿನ ಸೌಂಡ್ ಡಿಪ್ಲೊಮಾ ಪಾಲಿಟೆಕ್ನಿಕ್ ಮಾದರಿಯದು. ಶುಲ್ಕದ ದೃಷ್ಟಿಯಿಂದ ಯಾವ ಖಾಸಗಿ ಸಂಸ್ಥೆಯೂ ಇದರ ಹತ್ತಿರ ಬರುವುದಿಲ್ಲ. ಸೇರುವ ಮುನ್ನ ಒಮ್ಮೆ ಹೋಗಿ ಉಪಕರಣಗಳು ಯಾವ ಸ್ಥಿತಿಯಲ್ಲಿವೆ, ಪಾಠ ಮಾಡುವ ಹುದ್ದೆಗಳು ಭರ್ತಿಯಾಗಿವೆಯೇ ಎಂದು ಕಣ್ಣಾರೆ ನೋಡಿ ಬನ್ನಿ.

ಚಿತ್ರಶಾಲೆಯಲ್ಲಿ ಸಿಗುವ ದೊಡ್ಡ ಲಾಭ ಉಪಕರಣವಲ್ಲ, ಪಕ್ಕದ ತರಗತಿಯವರು. ಅಲ್ಲಿ ನಿಮ್ಮ ಜೊತೆ ನಿರ್ದೇಶನ, ಕ್ಯಾಮೆರಾ, ಸಂಕಲನ ಓದುವವರಿರುತ್ತಾರೆ. ಪ್ರತಿ ಕಿರುಚಿತ್ರಕ್ಕೂ ಅವರಿಗೆ ಸೌಂಡ್ ಮಾಡುವವರು ಬೇಕು, ಆ ಕೆಲಸ ನಿಮ್ಮ ಕೈಗೇ ಬರುತ್ತದೆ. ಐದು ವರ್ಷದ ನಂತರ ಅವರೇ ಚಿತ್ರ ಮಾಡುತ್ತಾರೆ, ನಿಮ್ಮನ್ನೇ ಕರೆಯುತ್ತಾರೆ. ಬರೀ ಮ್ಯೂಸಿಕ್ ಪ್ರೊಡಕ್ಷನ್ ಕಲಿಸುವ ಸಂಸ್ಥೆಯಲ್ಲಿ ಇದು ತಲೆಕೆಳಗು. ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂತವರೆಲ್ಲ ನೀವು ಹುಡುಕುವ ಕೆಲಸವನ್ನೇ ಹುಡುಕುವವರು. ಹಾಡುಗಾರರಿಲ್ಲ, ವಾದ್ಯದವರಿಲ್ಲ, ಚಿತ್ರ ಮಾಡುವವರಿಲ್ಲ. ಸಂಸ್ಥೆ ಆಯ್ಕೆ ಮಾಡುವಾಗ ಈ ಒಂದು ವಿಷಯಕ್ಕೆ ಕಟ್ಟಡ, ಕನ್ಸೋಲ್ (ಧ್ವನಿ ಬೆರೆಸುವ ದೊಡ್ಡ ಯಂತ್ರ), ಬ್ರ್ಯಾಂಡ್ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಿ. ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಸ್ಥಾಪಿಸಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿಯಂಥ ಕಡೆ ಹಾಡುವವರು, ನುಡಿಸುವವರು, ತಂತ್ರಜ್ಞಾನ ಕಲಿಯುವವರು ಒಂದೇ ಸೂರಿನಡಿ ಇರುತ್ತಾರೆ. ಖಾಸಗಿಯಾದರೂ ಆ ಬಗೆಯ ಸಂಸ್ಥೆ ಬೇರೆ ಲೆಕ್ಕ.

ಆಡಿಯೋ ಕಂಪನಿ ನೌಕರಿ: ಬೆಂಗಳೂರಿನವರು ಮರೆಯುವ ದಾರಿ

ಸಂಗೀತ ಇಷ್ಟ, ಗಣಿತವೂ ಇಷ್ಟ, ತಿಂಗಳ ಸಂಬಳ ಬೇಕು ಅನ್ನುವವರಿಗೆ ಆಡಿಯೋ ಡಿಪ್ಲೊಮಾ ತಪ್ಪು ದಾರಿ. ಡಾಲ್ಬಿ, ಹರ್ಮನ್‌ನಂಥ ಕಂಪನಿಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೆಲಸ ನಡೆಸುತ್ತವೆ. ಅವು ನೋಡುವುದು ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಬಿಇ, ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಸಿ ಪ್ಲಸ್ ಪ್ಲಸ್, ಪೈಥಾನ್. ಇಲ್ಲಿ ಪದವಿ ಇಲ್ಲದೆ ಬಾಗಿಲೇ ತೆರೆಯುವುದಿಲ್ಲ. ಓದುತ್ತಲೇ ಒಂದು ಸಣ್ಣ ಈಕ್ವಲೈಜರ್, ಒಂದು ಕಂಪ್ರೆಸರ್ ಪ್ಲಗಿನ್ (ಧ್ವನಿ ತಿದ್ದುವ ಸಣ್ಣ ತಂತ್ರಾಂಶ) ಬರೆದು ಗಿಟ್‌ಹಬ್‌ನಲ್ಲಿ ಇಟ್ಟರೆ ಸಂದರ್ಶನದಲ್ಲಿ ಮಾತಾಡಲು ವಸ್ತು ಸಿಗುತ್ತದೆ. ಕಾಲೇಜಿನಲ್ಲಿ ಸಂಗೀತ ಕಲಿಸಬೇಕು ಅನ್ನುವ ಆಸೆ, ವಿದೇಶದಲ್ಲಿ ಸ್ನಾತಕೋತ್ತರ ಓದು, ಆಕಾಶವಾಣಿಯಂಥ ಸರ್ಕಾರಿ ಹುದ್ದೆ – ಇವಕ್ಕೂ ಮಾನ್ಯತೆ ಪಡೆದ ಪದವಿ ಬೇಕು. ಬರೀ ಸರ್ಟಿಫಿಕೇಟ್ ಕೋರ್ಸ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಲೈವ್ ಸೌಂಡ್

ಇದಕ್ಕೆ ಕಾಲೇಜಿನ ಅಗತ್ಯ ಅತಿ ಕಡಿಮೆ. ಬಾಡಿಗೆ ಸೌಂಡ್ ಕಂಪನಿಯಲ್ಲಿ ಕೇಬಲ್ ಸುತ್ತುವುದರಿಂದ ಆರಂಭಿಸಿ ಸ್ಟೇಜ್ ಪ್ಯಾಚಿಂಗ್ (ಮೈಕು, ವಾದ್ಯಗಳ ತಂತಿ ಜೋಡಣೆ), ಮಾನಿಟರ್ (ವೇದಿಕೆಯ ಮೇಲಿರುವವರಿಗೆ ಕೇಳಿಸುವ ಸೌಂಡ್), ಕೊನೆಗೆ ಮುಖ್ಯ ಕನ್ಸೋಲ್ ಎಂದು ಮೇಲೇರುವುದು ವಾಡಿಕೆ. ಕಲಿಯಬೇಕಾದ ಸಿದ್ಧಾಂತ ಅಗ್ಗದಲ್ಲಿ ಸಿಗುತ್ತದೆ. ನೆಟ್‌ವರ್ಕ್ ಆಡಿಯೋಗೆ (ಕಂಪ್ಯೂಟರ್ ಕೇಬಲ್‌ನಲ್ಲಿ ಧ್ವನಿ ಕಳಿಸುವುದಕ್ಕೆ) ಬೇಕಾದ ಡಾಂಟೆ ಪ್ರಮಾಣಪತ್ರದ ಆರಂಭಿಕ ಹಂತಗಳನ್ನು ಡಾಂಟೆ ತಯಾರಿಸುವ ಕಂಪನಿಯೇ ಆನ್‌ಲೈನ್‌ನಲ್ಲಿ ಉಚಿತವಾಗಿ ಕೊಡುತ್ತದೆ. ಬೆಹ್ರಿಂಗರ್ ಎಕ್ಸ್32, ಯಮಹಾ ಕನ್ಸೋಲ್‌ಗಳ ಎಡಿಟರ್ ತಂತ್ರಾಂಶ ಉಚಿತ. ಕನ್ಸೋಲ್ ಇಲ್ಲದೆಯೇ ಲ್ಯಾಪ್‌ಟಾಪ್‌ನಲ್ಲಿ ಅದರ ಮೆನುಗಳೆಲ್ಲ ಬಾಯಿಪಾಠ ಆಗುವಷ್ಟು ಅಭ್ಯಾಸ ಮಾಡಬಹುದು. ಕಿವಿ ರಕ್ಷಣೆಗೆ ಮೊದಲ ದಿನದಿಂದಲೇ ಇಯರ್‌ಪ್ಲಗ್ ಬಳಸಿ. ಹೋದ ಕಿವಿ ವಾಪಸ್ ಬರುವುದಿಲ್ಲ.

ಹಾಡು ಮತ್ತು ಮಿಕ್ಸ್: ಡಿಪ್ಲೊಮಾದ ಲೆಕ್ಕ

ಹೆಚ್ಚಿನವರ ಪ್ರಶ್ನೆ ಇರುವುದು ಇಲ್ಲೇ. ಖಾಸಗಿ ಸಂಸ್ಥೆ ನಿಮಗೆ ಐದು ವಸ್ತುಗಳನ್ನು ಒಂದೇ ಬಿಲ್ಲಿನಲ್ಲಿ ಮಾರುತ್ತದೆ: ಒಳ್ಳೆಯ ಕೋಣೆ, ಉಪಕರಣ, ತಪ್ಪು ತೋರಿಸುವ ಗುರುವಿನ ಕಿವಿ, ಸಹಪಾಠಿಗಳು, ಒಂದು ಕಾಗದ. ಒಂದೊಂದನ್ನೂ ಬಿಡಿಯಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ಕೇಳಿಕೊಳ್ಳಿ.

ಒಂದು ಉದಾಹರಣೆ ತೆಗೆದುಕೊಳ್ಳಿ. ಒಂದು ವರ್ಷದ ಡಿಪ್ಲೊಮಾಗೆ 4 ಲಕ್ಷ ರೂ. ಶುಲ್ಕ, ಒಂದು ಬ್ಯಾಚಿನಲ್ಲಿ 20 ಜನ, ಒಂದು ಸ್ಟುಡಿಯೋ. ವಿದ್ಯಾರ್ಥಿಗಳ ಕೈಗೆ ಅದು ಸಿಗುವುದು ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ. ಅಂದರೆ ವಾರಕ್ಕೆ 30 ಗಂಟೆ. 20 ಜನರಿಗೆ ಹಂಚಿದರೆ ತಲೆಗೆ ಒಂದೂವರೆ ಗಂಟೆ. 40 ವಾರಕ್ಕೆ 60 ಗಂಟೆ. 4 ಲಕ್ಷವನ್ನು 60ರಿಂದ ಭಾಗಿಸಿದರೆ ಗಂಟೆಗೆ ಸುಮಾರು 6,700 ರೂ. ಹೊರಗೆ ಒಂದು ಸಾಧಾರಣ ಸ್ಟುಡಿಯೋ ಎಂಜಿನಿಯರ್ ಸಮೇತ ಗಂಟೆಗೆ 1,500 ರೂ. ಕೇಳಿದರೂ ಅದೇ 60 ಗಂಟೆಗೆ 90,000 ರೂ. ಆಯಿತು. ಉಳಿದ 3 ಲಕ್ಷ ಪಾಠಕ್ಕೆ, ಕಾಗದಕ್ಕೆ. ಆ ಪಾಠ ಅಷ್ಟು ಬಾಳುತ್ತದೆಯೇ ಅನ್ನುವುದು ಪಾಠ ಮಾಡುವವರು ಯಾರು ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ಸಂಸ್ಥೆಗೆ ಹೋದಾಗ ಕಟ್ಟಡ ಸುತ್ತಾಡಿಸುವವರ ಮಾತಿಗಿಂತ ಕೆಲವು ನೇರ ಪ್ರಶ್ನೆಗಳಿಗೆ ಉತ್ತರ ಪಡೆಯಿರಿ. ಬ್ಯಾಚಿನಲ್ಲಿ ಎಷ್ಟು ಜನ? ಗುರುಗಳಿಲ್ಲದೆ, ನಾನೊಬ್ಬನೇ ಸ್ಟುಡಿಯೋ ಬಳಸಲು ವಾರಕ್ಕೆ ಎಷ್ಟು ಗಂಟೆ, ಅದು ಬರವಣಿಗೆಯಲ್ಲಿ ಇದೆಯೇ? ಪಾಠ ಮಾಡುವವರು ಕಳೆದ ಎರಡು ವರ್ಷದಲ್ಲಿ ಹೊರಗಿನ ಯಾವ ಕೆಲಸ ಮಾಡಿದ್ದಾರೆ? ನನ್ನ ಮಿಕ್ಸ್ ಮೇಲೆ ಒಬ್ಬೊಬ್ಬರಿಗೇ ಕೂರಿಸಿ ಹೇಳುವ ಅಭಿಪ್ರಾಯ ತಿಂಗಳಿಗೆ ಎಷ್ಟು ಬಾರಿ? ಹೋದ ವರ್ಷದ ಮೂವರು ವಿದ್ಯಾರ್ಥಿಗಳೊಂದಿಗೆ ಮಾತಾಡಬಹುದೇ? ಕೊನೆಯ ಪ್ರಶ್ನೆಗೆ ನುಣುಚಿಕೊಂಡರೆ ಅಲ್ಲಿಂದ ಎದ್ದು ಬನ್ನಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂದರೆ ಪ್ಲೇಸ್‌ಮೆಂಟ್ ಅನ್ನುವುದು ಸಂಬಳದ ಕೆಲಸವೇ, ಮೂರು ತಿಂಗಳ ಬಿಟ್ಟಿ ಇಂಟರ್ನ್‌ಶಿಪ್ಪೇ ಎಂದು ಬಿಡಿಸಿ ಕೇಳಿ. ದೊಡ್ಡ ಅನಲಾಗ್ ಕನ್ಸೋಲ್ ತೋರಿಸಿ ಮನಸೆಳೆಯುವ ಕಡೆ ಸ್ವಲ್ಪ ಹುಷಾರು. ಸಿಗ್ನಲ್ ಹರಿವು ಅರ್ಥವಾಗಲು ಅದು ಒಳ್ಳೆಯದೇ, ಆದರೆ ನಾಳೆ ನೀವು ಕೆಲಸ ಮಾಡುವ ಬಹುತೇಕ ಕೋಣೆಗಳಲ್ಲಿ ಅದು ಇರುವುದಿಲ್ಲ.

ಇನ್ನು ಸಾಲ. ವಿಶ್ವವಿದ್ಯಾಲಯದ ಅಥವಾ ಸರ್ಕಾರದ ಮಾನ್ಯತೆ ಇಲ್ಲದ ಕೋರ್ಸಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಶಿಕ್ಷಣ ಸಾಲ ಕೊಡುವುದಿಲ್ಲ. ಆಗ ಜನ ಪರ್ಸನಲ್ ಲೋನ್‌ಗೆ ಹೋಗುತ್ತಾರೆ, ಬಡ್ಡಿ ಏರುತ್ತದೆ. ಮಾನ್ಯತೆ ಇದ್ದು 7.5 ಲಕ್ಷ ಸಾಲ ಸಿಕ್ಕಿತು ಎಂದುಕೊಳ್ಳಿ. ಶೇ. 10.5 ಬಡ್ಡಿ, 7 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 12,600 ರೂ. ಓದುವ ಅವಧಿಯ ಬಡ್ಡಿ ಇದಕ್ಕೆ ಸೇರಿಲ್ಲ. ಸಂಗೀತದ ಕೆಲಸದಲ್ಲಿ ಮೊದಲ ಎರಡು ಮೂರು ವರ್ಷ ಆದಾಯ ಒಂದು ತಿಂಗಳು ಬಂದರೆ ಮುಂದಿನ ತಿಂಗಳು ಇಲ್ಲ. ಕಂತು ಮಾತ್ರ ಪ್ರತಿ ತಿಂಗಳೂ ಇರುತ್ತದೆ. ಆ ಒತ್ತಡಕ್ಕೆ ಸಿಕ್ಕವರು, ಕೆಲಸ ಕಲಿಸುವ ಒಳ್ಳೆಯ ಸ್ಟುಡಿಯೋದ ಕಡಿಮೆ ಸಂಬಳದ ಜಾಗ ಬಿಟ್ಟು, ಬೇರೆ ಯಾವುದೋ ನೌಕರಿಗೆ ಹೋಗಿ, ಅಲ್ಲೇ ಉಳಿದುಬಿಡುತ್ತಾರೆ. ಡಿಪ್ಲೊಮಾದ ನಿಜವಾದ ಅಪಾಯ ಇದು.

ಹಾಗಾದರೆ ಡಿಪ್ಲೊಮಾ ಯಾರಿಗೆ ಸರಿ? ಶುಲ್ಕವನ್ನು ಸಾಲವಿಲ್ಲದೆ ಕಟ್ಟಬಲ್ಲವರಿಗೆ. ಮೇಲಿನ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಡುವ ಸಂಸ್ಥೆ ಸಿಕ್ಕವರಿಗೆ. ಮುಖ್ಯವಾಗಿ, ವೇಳಾಪಟ್ಟಿ ಯಾರಾದರೂ ಹಾಕಿಕೊಡದಿದ್ದರೆ ಕೂತು ಕಲಿಯಲು ಆಗದವರಿಗೆ. ಈ ಕೊನೆಯದು ಅವಮಾನದ ಮಾತಲ್ಲ, ತುಂಬ ಜನರ ಸ್ವಭಾವವೇ ಹಾಗೆ. ಮೂರು ತಿಂಗಳು ಮನೆಯಲ್ಲೇ ಪ್ರಯತ್ನಿಸಿ ನೋಡಿ. ಆರು ಹಾಡು ಆರಂಭಿಸಿ ಒಂದೂ ಮುಗಿಸದಿದ್ದರೆ ತರಗತಿಯ ಶಿಸ್ತು ನಿಮಗೆ ಬೇಕು ಎಂದು ತಿಳಿಯಿರಿ.

ವಿದೇಶದ ಬಗ್ಗೆ ಒಂದೇ ಮಾತು. ಬಾಸ್ಟನ್ನಿನ ಬರ್ಕ್ಲಿ ಕಾಲೇಜಿನ ವರ್ಷದ ಶುಲ್ಕವೇ 45,000 ಡಾಲರ್ ಮೀರುತ್ತದೆ, ಊಟ ವಸತಿ ಬೇರೆ. ದೊಡ್ಡ ವಿದ್ಯಾರ್ಥಿವೇತನ ಇಲ್ಲದೆ, ಭಾರತಕ್ಕೆ ಮರಳಿ ರೂಪಾಯಿಯಲ್ಲಿ ದುಡಿಯುವ ಯೋಚನೆಯಿದ್ದರೆ ಆ ಹಣ ತಿರುಗಿ ಬರುವುದು ಕಷ್ಟ. ಅದೇ ಕಾಲೇಜಿನ ಆರಂಭಿಕ ಪಾಠಗಳು ಕೋರ್ಸೆರಾದಲ್ಲಿ ಸಿಗುತ್ತವೆ.

ಮನೆಕಲಿಕೆ: ಉಪಕರಣಕ್ಕಿಂತ ಕೋಣೆ ಮುಖ್ಯ

ಸ್ವಂತ ಕಲಿಕೆಯ ಖರ್ಚು ಸುಮಾರಾಗಿ ಹೀಗೆ: 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿಗೆ 60ರಿಂದ 80 ಸಾವಿರ, ಎರಡು ಇನ್‌ಪುಟ್‌ಗಳ ಆಡಿಯೋ ಇಂಟರ್‌ಫೇಸಿಗೆ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) 12ರಿಂದ 18 ಸಾವಿರ, ಒಳ್ಳೆಯ ಹೆಡ್‌ಫೋನಿಗೆ 12ರಿಂದ 15 ಸಾವಿರ, ಒಂದು ಕಂಡೆನ್ಸರ್ ಮೈಕು ಮತ್ತು ಒಂದು ಸಣ್ಣ ಮಿಡಿ ಕೀಬೋರ್ಡಿಗೆ ಸೇರಿ 20 ಸಾವಿರ. ರೀಪರ್ ಎಂಬ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ ತಂತ್ರಾಂಶದ ರಿಯಾಯಿತಿ ಪರವಾನಗಿ 60 ಡಾಲರ್, ಅದಕ್ಕೂ ಮುನ್ನ 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಎಫ್‌ಎಲ್ ಸ್ಟುಡಿಯೋ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಯಾವುದಾದರೂ ಒಂದನ್ನು ಹಿಡಿದು ವರ್ಷ ಬಿಡಬೇಡಿ. ಕದ್ದ ಪ್ಲಗಿನ್‌ಗಳ ಗೋಜಿಗೆ ಹೋಗಬೇಡಿ. ನೈತಿಕತೆಯ ಮಾತು ಹಾಗಿರಲಿ, ಆರು ತಿಂಗಳ ನಂತರ ಕ್ಲೈಂಟ್ ‘ಆ ಹಾಡಲ್ಲಿ ಒಂದು ಸಾಲು ಬದಲಿಸಬೇಕು’ ಎಂದಾಗ ಸೆಷನ್ (ಹಾಡಿನ ಕೆಲಸದ ಫೈಲ್) ತೆರೆಯದೇ ಹೋಗುವುದು ಇವುಗಳಿಂದಲೇ.

ಮಾನಿಟರ್ ಸ್ಪೀಕರ್ ಕೊಳ್ಳಲು ಅವಸರ ಬೇಡ, ಮೊದಲು ಕೋಣೆ. ಸ್ವಂತವಾಗಿ ಕಲಿತವರ ಮಿಕ್ಸ್‌ಗಳಲ್ಲಿ ಬೇಸ್ ಕೆಡುವುದಕ್ಕೆ ಮುಖ್ಯ ಕಾರಣ ನಮ್ಮ ಹತ್ತು ಬೈ ಹತ್ತರ ಕೋಣೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎರಡು ಗೋಡೆಗಳ ನಡುವಿನ ಅಂತರವನ್ನು ಎರಡರಿಂದ ಗುಣಿಸಿ 343ನ್ನು ಅದರಿಂದ ಭಾಗಿಸಿದರೆ ಆ ಕೋಣೆ ಮೊಳಗುವ ಮೊದಲ ಕಂಪನಾಂಕ ಸಿಗುತ್ತದೆ. ಹತ್ತು ಅಡಿ ಅಂದರೆ 3.05 ಮೀಟರ್, ಲೆಕ್ಕ ಹಾಕಿದರೆ 56 ಹರ್ಟ್ಸ್. ಬೇಸ್ ಗಿಟಾರಿನ ಎ ತಂತಿ 55 ಹರ್ಟ್ಸ್. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿಯಾದರೆ ಮೂರು ದಿಕ್ಕಿನ ಮೊಳಗೂ ಒಂದೇ ಜಾಗದಲ್ಲಿ ಗುಡ್ಡೆಯಾಗುತ್ತದೆ. ಕೋಣೆಯ ನಟ್ಟನಡುವೆ ಕೂತರೆ ಅದೇ ಕಂಪನಾಂಕ ಕಿವಿಗೆ ಕೇಳುವುದೇ ಇಲ್ಲ. ಬೇಸ್ ಕಡಿಮೆ ಎಂದು ನೀವು ಏರಿಸುತ್ತೀರಿ, ಹಾಡು ಕಾರಿನಲ್ಲಿ ಗುಮ್ಮೆನ್ನುತ್ತದೆ. ತಪ್ಪು ಕಿವಿಯದಲ್ಲ, ಕುರ್ಚಿ ಇಟ್ಟ ಜಾಗದ್ದು.

ಕುರ್ಚಿಯನ್ನು ಮುಂದಿನ ಗೋಡೆಯಿಂದ ಕೋಣೆಯ ಉದ್ದದ ಶೇ. 38ರಷ್ಟು ದೂರಕ್ಕೆ ಸರಿಸಿ. ಹತ್ತು ಅಡಿಗೆ 3.8 ಅಡಿ. ಸ್ಪೀಕರುಗಳನ್ನು ಮುಂದಿನ ಗೋಡೆಗೆ ಹತ್ತಿರವಿಡಿ. 85 ಸೆಂಟಿಮೀಟರ್ ದೂರವಿಟ್ಟರೆ ಗೋಡೆಗೆ ಬಡಿದು ಬಂದ ಅಲೆ 100 ಹರ್ಟ್ಸ್ ಹತ್ತಿರ ಮೂಲ ಶಬ್ದವನ್ನು ಅಳಿಸುತ್ತದೆ. ಎರಡು ಬೈ ನಾಲ್ಕು ಅಡಿಯ, 4 ಇಂಚು ದಪ್ಪದ, ಘನಮೀಟರಿಗೆ 48 ಕೆಜಿ ಸಾಂದ್ರತೆಯ ರಾಕ್‌ವೂಲ್ ಹಲಗೆಗಳನ್ನು ಮರದ ಚೌಕಟ್ಟಿಗೆ ಹಾಕಿ ಹತ್ತಿ ಬಟ್ಟೆ ಸುತ್ತಿ. ಎಂಟು ಹಲಗೆ ಸಾಕು: ನಾಲ್ಕು ಮೂಲೆಗೆ, ಎರಡು ಅಕ್ಕಪಕ್ಕದ ಗೋಡೆಗೆ, ಎರಡು ತಲೆಯ ಮೇಲಿನ ತಾರಸಿಗೆ. ಗೋಡೆಯಿಂದ 4 ಇಂಚು ಜಾಗ ಬಿಟ್ಟು ನಿಲ್ಲಿಸಿದರೆ ಇನ್ನೂ ತಗ್ಗಿನ ಸ್ವರಗಳವರೆಗೆ ಹೀರುತ್ತವೆ. ಮೊಟ್ಟೆ ಟ್ರೇ, ಒಂದು ಇಂಚಿನ ಫೋಮ್ ಅಂಟಿಸಿದವರ ಕೋಣೆಯಲ್ಲಿ ಮೇಲಿನ ಸ್ವರಗಳು ಮಾತ್ರ ಸಾಯುತ್ತವೆ, ಬೇಸ್ ಮೊದಲಿನಷ್ಟೇ ಮೊಳಗುತ್ತದೆ. ಅದು ಬರಿಗೋಡೆಗಿಂತ ಕೆಟ್ಟದ್ದು.

ಅಭ್ಯಾಸಕ್ಕೆ ಹಾಡುಗಳು ಬೇಕಲ್ಲ? ಕೇಂಬ್ರಿಜ್ ಮ್ಯೂಸಿಕ್ ಟೆಕ್ನಾಲಜಿ ಎಂಬ ಜಾಲತಾಣದಲ್ಲಿ ನೂರಾರು ಹಾಡುಗಳ ಬಿಡಿ ಟ್ರ್ಯಾಕುಗಳು ಅಭ್ಯಾಸಕ್ಕೆ ಉಚಿತ. ವಾರಕ್ಕೊಂದು ತೆಗೆದುಕೊಂಡು ಎರಡು ದಿನದಲ್ಲಿ ಮಿಕ್ಸ್ ಮುಗಿಸಿ, ಮೂರನೆಯ ದಿನ ಅದೇ ಬಗೆಯ ಬಿಡುಗಡೆಯಾದ ಹಾಡಿನ ಪಕ್ಕದಲ್ಲಿಟ್ಟು ಕೇಳಿ. ಕೇಳುವಾಗ ಎರಡರ ಜೋರು ಒಂದೇ ಮಟ್ಟಕ್ಕೆ ತನ್ನಿ. ಇಲ್ಲದಿದ್ದರೆ ಜೋರಾದದ್ದೇ ಚೆನ್ನ ಅನ್ನಿಸುತ್ತದೆ. ಜೊತೆಗೆ ದಿನಕ್ಕೆ 20 ನಿಮಿಷ, ಯಾವ ಕಂಪನಾಂಕವನ್ನು ಏರಿಸಿದ್ದಾರೆ ಎಂದು ಗುರುತಿಸುವ ಕಿವಿ ಅಭ್ಯಾಸ. ನಾಲ್ಕು ತಿಂಗಳಲ್ಲಿ 250 ಹರ್ಟ್ಸ್‌ನ ಮಂಕು, 3 ಕಿಲೋಹರ್ಟ್ಸ್‌ನ ಚುಚ್ಚು ತಾನಾಗಿ ಗೊತ್ತಾಗತೊಡಗುತ್ತದೆ.

ಮನೆಕಲಿಕೆಯ ಕೊರತೆ ಒಂದೇ, ಆದರೆ ದೊಡ್ಡದು: ತಪ್ಪು ತೋರಿಸುವವರಿಲ್ಲ. ಇದನ್ನು ದುಡ್ಡು ಕೊಟ್ಟು ತುಂಬಿಕೊಳ್ಳಿ. ಕೆಲಸದಲ್ಲಿರುವ ಒಬ್ಬ ಮಿಕ್ಸಿಂಗ್ ಎಂಜಿನಿಯರ್ ಬಳಿ ತಿಂಗಳಿಗೆ ಎರಡು ಗಂಟೆ ಕೇಳಿ, ಅವರ ಕೋಣೆಯಲ್ಲಿ ನಿಮ್ಮ ಮಿಕ್ಸ್ ಹಾಕಿ, ಏನು ತಪ್ಪು ಎಂದು ಬರೆದುಕೊಳ್ಳಿ. ಗಂಟೆಗೆ 2,000 ಕೊಟ್ಟರೂ ವರ್ಷಕ್ಕೆ 48,000 ರೂ. ಡಿಪ್ಲೊಮಾ ಶುಲ್ಕದಲ್ಲಿ ನೀವು ಕೊಳ್ಳುವ ಐದು ವಸ್ತುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಇದೇ.

ಸಿಲೆಬಸ್ಸಿನಲ್ಲಿ ಕಡಿಮೆ ಕಾಣುವುದು: ನಮ್ಮ ಸಂಗೀತ

ಹೆಚ್ಚಿನ ಕೋರ್ಸುಗಳ ಪಠ್ಯ ಡ್ರಮ್ಸ್, ಗಿಟಾರ್, ಇಂಗ್ಲಿಷ್ ಪಾಪ್ ಗಾಯನದ ಸುತ್ತ ಹೆಣೆದದ್ದು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದು ಅರ್ಧ ಪಾಠ. ತೋಡಿಯ ಗಾಂಧಾರ ರಿಷಭ ಮಧ್ಯಮಗಳ ನಡುವೆ ತೂಗಾಡುವ ಸ್ವರ. ಪಿಚ್ ಸರಿಮಾಡುವ ತಂತ್ರಾಂಶ ಅದನ್ನು ಅಪಸ್ವರ ಎಂದುಕೊಂಡು ಹತ್ತಿರದ ಮನೆಗೆ ಎಳೆಯುತ್ತದೆ, ಗಮಕ ಸತ್ತುಹೋಗುತ್ತದೆ. ಮೆಲೊಡೈನ್ ಎಂಬ ಶ್ರುತಿ ತಿದ್ದುವ ತಂತ್ರಾಂಶದಲ್ಲಿ ಸ್ವರದ ಕೇಂದ್ರವನ್ನು ಮಾತ್ರ ಸರಿಸಿ, ತೂಗಾಟವನ್ನು ಮುಟ್ಟದಿರುವುದು ಇಲ್ಲಿ ಸರಿಯಾದ ಕ್ರಮ. ನಿಂತ ಸ್ವರಗಳನ್ನು ತಿದ್ದಿ, ಓಡುವ ಸ್ವರಗಳನ್ನು ಬಿಡಿ. ಭಾಗವತರು ‘ಕಪ್ಪು ಎರಡು’ ಎಂದರೆ ಡಿ ಶಾರ್ಪ್ ಎಂಬುದು ತಕ್ಷಣ ಹೊಳೆಯಬೇಕು. ಅವರು ತಂದ ಹಾರ್ಮೋನಿಯಂ 440 ಹರ್ಟ್ಸ್‌ನ ವಾಡಿಕೆಯ ಶ್ರುತಿಗೆ ಕೂತಿಲ್ಲದಿದ್ದರೆ ಸೆಷನ್ನಿನ ಟ್ಯೂನಿಂಗನ್ನು ಸೆಂಟ್ಸ್ (ಒಂದು ಸ್ವರಸ್ಥಾನದ ನೂರನೇ ಒಂದು ಪಾಲು) ಲೆಕ್ಕದಲ್ಲಿ ಅದಕ್ಕೆ ಹೊಂದಿಸಬೇಕು, ರೆಕಾರ್ಡಿಂಗ್ ಮುಗಿದ ಮೇಲಲ್ಲ. ಮಿಶ್ರಛಾಪು ಹಾಡಿಗೆ ನಾಲ್ಕು ಎಣಿಕೆಯ ಕ್ಲಿಕ್ (ಹೆಡ್‌ಫೋನಿನಲ್ಲಿ ಕೇಳಿಸುವ ಲಯದ ಟಕ್ ಟಕ್) ಕೊಟ್ಟರೆ ಮೃದಂಗದವರು ಎರಡೇ ಆವರ್ತಕ್ಕೆ ನಿಲ್ಲಿಸುತ್ತಾರೆ. ತಂತ್ರಾಂಶದ ಲಯದ ಗ್ರಿಡ್ಡನ್ನು 7/8ಕ್ಕೆ ಹಾಕಿ, 3+2+2ರ ಒತ್ತು ಕೊಟ್ಟು, ಸಮಕ್ಕೆ ಬೇರೆ ಧ್ವನಿಯ ಕ್ಲಿಕ್ ಇಡಿ. ಮೃದಂಗದ ಎರಡೂ ಬದಿಗೆ ಮೈಕಿಟ್ಟ ಮೇಲೆ ಒಂದರ ಪೊಲಾರಿಟಿ (ಧ್ವನಿ ಅಲೆಯ ಏರಿಳಿತ) ತಿರುಗುಮುರುಗು ಮಾಡಿ ಕೇಳಿ, ಯಾವ ಸ್ಥಿತಿಯಲ್ಲಿ ಎಡಭಾಗದ ಗುಂಕಾರ ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ.

ಇದಕ್ಕಾಗಿ ನಮ್ಮ ಸಲಹೆ: ಪ್ರೊಡಕ್ಷನ್ ಕೋರ್ಸಿಗಿಂತ ಮೊದಲು, ಅಥವಾ ಅದರ ಜೊತೆಗೆ, ಎರಡು ವರ್ಷ ಸಂಗೀತ ಕಲಿಯಿರಿ. ರಾಜ್ಯದ ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆಗಳಿಗೆ ಕೂರುವಷ್ಟು ಅಭ್ಯಾಸ ಸಾಕು. ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಸಂಗೀತದಲ್ಲೇ ಪದವಿ ಪಡೆದು ಸೌಂಡನ್ನು ಮನೆಯಲ್ಲಿ ಕಲಿತವರು, ಸೌಂಡ್ ಡಿಪ್ಲೊಮಾ ಮಾಡಿ ಶ್ರುತಿ ತಾಳ ತಿಳಿಯದವರಿಗಿಂತ ಹೆಚ್ಚು ಬಾಳುತ್ತಾರೆ. ಜಿಂಗಲ್, ಹಿನ್ನೆಲೆ ತುಣುಕುಗಳಂಥ ಸಣ್ಣ ಕೆಲಸಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶ ನುಂಗುತ್ತಿರುವಾಗ, ಎದುರಿಗೆ ಕೂತ ಗಾಯಕಿಯಿಂದ ಒಳ್ಳೆಯ ಟೇಕ್ ಹೊರಡಿಸುವ ಕೈಗೆ ಬೇಡಿಕೆ ಉಳಿಯುತ್ತದೆ.

ಸ್ಟುಡಿಯೋದಲ್ಲಿ ಅಸಿಸ್ಟೆಂಟ್ ಆಗಿ

ಕನ್ನಡ ಹಾಡುಗಳ ರೆಕಾರ್ಡಿಂಗ್ ಬಹುಕಾಲ ಮದ್ರಾಸಿನಲ್ಲೇ ನಡೆಯುತ್ತಿತ್ತು. ಶಂಕರ್ ನಾಗ್ ಸಂಕೇತ್ ಸ್ಟುಡಿಯೋ ಕಟ್ಟಿದ ಕಾಲದಿಂದ ಬೆಂಗಳೂರಿನಲ್ಲೂ ಕೆಲಸ ಬೆಳೆಯಿತು. ಎರಡು ಊರಲ್ಲೂ ಹಿರಿಯರ ಪಕ್ಕ ಕೂತು ಕಲಿಯುವುದೇ ಪದ್ಧತಿಯಾಗಿತ್ತು. ಈಗಲೂ ಆರು ತಿಂಗಳು ಮನೆಯಲ್ಲಿ ಬುನಾದಿ ಹಾಕಿಕೊಂಡು ಬಂದವರಿಗೆ ಇದಕ್ಕಿಂತ ವೇಗದ ದಾರಿಯಿಲ್ಲ. ಬರಿಗೈಲಿ ಹೋಗಬೇಡಿ. ಮೂರು ಮುಗಿದ ಮಿಕ್ಸ್ ಒಯ್ಯಿರಿ, ‘ವೋಕಲ್ ಎಡಿಟಿಂಗ್, ಟ್ಯೂನಿಂಗ್, ಸೆಷನ್ ಸಿದ್ಧಪಡಿಸುವುದು ಬರುತ್ತದೆ’ ಎಂದು ಹೇಳಿ. ಹಿರಿಯ ಎಂಜಿನಿಯರುಗಳಿಗೆ ಬೇಕಾದ್ದು ಈ ಬೇಸರದ ಕೆಲಸಗಳನ್ನು ಅಚ್ಚುಕಟ್ಟಾಗಿ ಮಾಡುವವರು.

ಇಲ್ಲಿ ಕೆಲಸ ಕಳೆದುಕೊಳ್ಳುವುದು ಸಣ್ಣ ತಪ್ಪುಗಳಿಂದ. ಸಿನಿಮಾ ಸೌಂಡ್ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ 48,000 ಬಾರಿ ಧ್ವನಿ ಅಳೆದು) ನಡೆಯುತ್ತದೆ. 44.1ರಲ್ಲಿ ಮಾಡಿದ ಹಾಡನ್ನು ಪರಿವರ್ತಿಸದೆ ಅಲ್ಲಿ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, 4 ನಿಮಿಷದ ಹಾಡು 3 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ, ಅತಿ ಜೋರಿನ ಕ್ಷಣವೂ ಮೈನಸ್ 6 ಡಿಬಿ ದಾಟದಿರಲಿ. ಸ್ಟೆಮ್‌ಗಳೆಲ್ಲ (ಗಾಯನ, ತಾಳವಾದ್ಯ ಹೀಗೆ ಗುಂಪುಗುಂಪಾಗಿ ತೆಗೆದ ಫೈಲ್‌ಗಳು) ಒಂದೇ ಸೊನ್ನೆ ಬಿಂದುವಿನಿಂದ ಶುರುವಾಗಲಿ. ಸ್ಪಾಟಿಫೈ, ಯೂಟ್ಯೂಬ್ ಜೋರಾದ ಹಾಡುಗಳನ್ನು ಸಾಮಾನ್ಯವಾಗಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಹಾಡಿನ ಸರಾಸರಿ ಜೋರಿನ ಅಳತೆ) ಇಳಿಸುತ್ತವೆ. ಹಿಂಡಿ ಹಿಂಡಿ ಮೈನಸ್ 6ಕ್ಕೆ ತಂದ ಹಾಡು ಅಲ್ಲಿ ಜೋರಾಗುವುದಿಲ್ಲ, ಚಪ್ಪಟೆಯಾಗುತ್ತದೆ. ದಿನದ ಕೆಲಸದ ಮೂರು ಪ್ರತಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಒಂದು ಕಟ್ಟಡದ ಹೊರಗೆ.

ಸಂಬಳವಿಲ್ಲದ ಅವಧಿಗೆ ಗಡಿ ಹಾಕಿಕೊಳ್ಳಿ. ನಮ್ಮ ದೃಷ್ಟಿಯಲ್ಲಿ ಮೂರು ತಿಂಗಳು. ಅಷ್ಟರಲ್ಲಿ ಸೆಷನ್ನನ್ನು ನಿಮ್ಮ ಕೈಗೆ ಕೊಡದೆ ಕಾಫಿ ತರಿಸುವುದೇ ನಡೆದಿದ್ದರೆ ಅಲ್ಲಿ ಕಲಿಕೆಯಿಲ್ಲ. ಇನ್ನೊಂದು ಗುಂಡಿಯೂ ಇದೆ: ಬೇರೆಯವರ ಹೆಸರಿನಲ್ಲಿ ಇಡೀ ಹಾಡು ಕಟ್ಟಿಕೊಡುವುದು. ಕಾಪಿರೈಟ್ ಕಾಯ್ದೆಯಲ್ಲಿ ಸಂಗೀತ ಕೃತಿಯ ಹಕ್ಕು ಸಂಯೋಜಕರದು. 2012ರ ತಿದ್ದುಪಡಿ ಅವರ ರಾಯಧನದ ಪಾಲನ್ನು ಗಟ್ಟಿ ಮಾಡಿದೆ. ಆದರೆ ಪ್ರೋಗ್ರಾಮಿಂಗ್ ಮಾಡಿದವರು ತಾನಾಗಿ ಸಂಯೋಜಕರಾಗುವುದಿಲ್ಲ. ನೀವು ಕಟ್ಟಿದ ರಾಗದ ಸಾಲು ಹಾಡಿನ ಮುಖ್ಯ ಭಾಗವಾಗಿದ್ದರೆ ಸಹ-ಸಂಯೋಜಕ ಎಂಬ ಹೆಸರನ್ನೂ, ಪಾಲಿನ ಶೇಕಡಾವನ್ನೂ ಬಿಡುಗಡೆಗೆ ಮೊದಲೇ ಒಂದು ಇಮೇಲ್‌ನಲ್ಲಾದರೂ ಬರೆಸಿಕೊಳ್ಳಿ, ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಕೃತಿ ನೋಂದಾಯಿಸಿ. ಬಿಕಾಂ ಓದಿದವರಿಗೆ ಇಲ್ಲೊಂದು ಅನುಕೂಲ: ಟಿಡಿಎಸ್, ಇನ್‌ವಾಯ್ಸ್, ಸೇವೆಗಳಿಗೆ ವರ್ಷಕ್ಕೆ 20 ಲಕ್ಷದ ಜಿಎಸ್‌ಟಿ ಮಿತಿ ಇವೆಲ್ಲ ಅವರಿಗೆ ಹೊಸದಲ್ಲ. ಮನೆಯಲ್ಲಿ ಡಿಗ್ರಿ ಬೇಕೇ ಬೇಕು ಎಂದರೆ ಹತ್ತಿರದ ಕಾಲೇಜಿನಲ್ಲಿ ಬಿಕಾಂ, ಸಂಜೆ ಸ್ಟುಡಿಯೋ ಎಂಬ ಜೋಡಿ ಮೂರು ವರ್ಷದ ದುಬಾರಿ ಸೌಂಡ್ ಡಿಗ್ರಿಗಿಂತ ಭದ್ರ.

ಈಗಾಗಲೇ ಕೋರ್ಸ್ ಸೇರಿದ್ದರೆ

ಶುಲ್ಕ ಕಟ್ಟಿಯಾಗಿದೆ, ಇನ್ನು ಹಿಂಡಿಕೊಳ್ಳುವುದೇ ಕೆಲಸ. ಯಾರೂ ಬರದ ರಾತ್ರಿ ಮತ್ತು ಭಾನುವಾರದ ಸ್ಟುಡಿಯೋ ಸಮಯ ಕೇಳಿ ಬರೆಸಿಕೊಳ್ಳಿ. ಊರಿನ ಗಾಯಕರು, ವೀಣೆಯವರು, ತಮಟೆಯವರನ್ನು ಕರೆತಂದು ನಿಜವಾದ ಜನರನ್ನು ರೆಕಾರ್ಡ್ ಮಾಡಿ. ಲೂಪ್ ಜೋಡಿಸುವುದನ್ನು ಮನೆಯಲ್ಲೂ ಮಾಡಬಹುದು, ಐದು ಮೈಕು ಇಟ್ಟು ತಂಡವನ್ನು ಹಿಡಿಯುವುದು ಅಲ್ಲಿ ಮಾತ್ರ ಸಾಧ್ಯ. ಹತ್ತಿರದ ಚಿತ್ರಶಾಲೆ, ನಾಟಕ ತಂಡಗಳ ಕಿರುಚಿತ್ರ ಮತ್ತು ರಂಗಸಂಗೀತದ ಕೆಲಸ ಹುಡುಕಿ. ಪ್ರತಿ ಪ್ರಾಜೆಕ್ಟಿನ ಸೆಷನ್ ಫೈಲ್, ಬಿಡಿ ಟ್ರ್ಯಾಕ್, ಮಿಕ್ಸ್ ಎಲ್ಲವನ್ನೂ ನಿಮ್ಮ ಸ್ವಂತ ಡಿಸ್ಕಿಗೆ ಅದೇ ವಾರ ನಕಲು ಮಾಡಿಕೊಳ್ಳಿ. ಕೋರ್ಸ್ ಮುಗಿದ ದಿನ ಲ್ಯಾಬಿನ ಲಾಗಿನ್ ನಿಲ್ಲುತ್ತದೆ.